ಅಕ್ಕನ ಮಂಡಿ, ಅಮ್ಮನ ಮಂಡಿ

ಸಂಘದ ಯಾವ ಕಾರ್ಯಕ್ರಮಕ್ಕೆ ಹೋದರೂ ಊಟದ ಸಾಲಿನಲ್ಲಿ ಒಬ್ಬರಾದರೂ ಹತ್ತಿರ ಬಂದು, "ಮೇಡಂ, ಊರಲ್ಲಿ ಅಮ್ಮನಿಗೆ ಮಂಡಿ ನೋವು, ಇಲ್ಲಿಂದ ಯಾವ ಮಾತ್ರೆ ಕಳಿಸಲಿ?" ಎಂದು ಕೇಳುತ್ತಾರೆ. ನಾನು ಡಿ.ಫಾರ್ಮಾ ಓದಿ, ಇಪ್ಪತ್ತು ವರ್ಷದಿಂದ ಆಸ್ಪತ್ರೆಯ ಔಷಧ ವಿಭಾಗದಲ್ಲಿ ದುಡಿಯುತ್ತಿರುವವಳು, ಡಾಕ್ಟರಲ್ಲ. ಆದರೆ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ. ಪೂರ್ತಿ ಸವೆದುಹೋದ ಮಂಡಿಯನ್ನು ಮೊದಲಿನಂತೆ ಮಾಡುವ ಮಾತ್ರೆ ನಮ್ಮ ಯಾವ ಕಪಾಟಿನಲ್ಲೂ ಇಲ್ಲ. ನೋವಿನ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದರೆ ಮಂಡಿಯ ಜೊತೆಗೆ ಹೊಟ್ಟೆ, ಕಿಡ್ನಿ ಎರಡೂ ಹಾಳಾಗಬಹುದು.

ಇದನ್ನೆಲ್ಲ ಬಲ್ಲ ನನಗೂ ಮನೆಯಲ್ಲೇ ಎರಡು ಮಂಡಿಗಳ ಪ್ರಶ್ನೆ ಬಂತು. ಅಮೆರಿಕದ ಫ್ರೀಮಾಂಟ್‌ನಲ್ಲಿರುವ ಅಕ್ಕನದು ಒಂದು, ತೀರ್ಥಹಳ್ಳಿ ಹತ್ತಿರ ತೋಟದ ಮನೆಯಲ್ಲಿರುವ ಅಮ್ಮನದು ಇನ್ನೊಂದು. ಅಕ್ಕನಿಗೆ 56, ಅಮ್ಮನಿಗೆ 76. ಕಳೆದ ವರ್ಷದ ರಜೆಯನ್ನು ನಾನು ಊರಿಗೆ ಹೋಗದೆ ಅಕ್ಕನ ಮನೆಯಲ್ಲಿ ಕಳೆದೆ. ದುಬೈಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹದಿನಾರು ಗಂಟೆ ಕೂತು ಇಳಿಯುವಾಗ ನನ್ನ ಮಂಡಿಯೂ ಸ್ವಲ್ಪ ಮಾತಾಡಿತು ಅನ್ನಿ.

ಅಕ್ಕನ ಮಂಡಿ ಒಳಬದಿಯಲ್ಲಿ ಮಾತ್ರ ಸವೆದಿತ್ತು. ಹೊರಬದಿ, ಚಿಪ್ಪಿನ ಹಿಂಭಾಗ, ಒಳಗಿನ ಕಟ್ಟುಗಳು ಎಲ್ಲ ಗಟ್ಟಿಯಾಗಿದ್ದವು. ಇಂಥವರಿಗೆ ಇಡೀ ಮಂಡಿ ಬದಲಿಸದೆ, ಸವೆದ ಅರ್ಧಕ್ಕಷ್ಟೇ ಲೋಹದ ಹೊದಿಕೆಯನ್ನೂ ನಡುವೆ ಪ್ಲಾಸ್ಟಿಕ್ ಬಿಲ್ಲೆಯನ್ನೂ ಕೂರಿಸಬಹುದು. ಕೊಯ್ತ ಸಣ್ಣದು, ಚೇತರಿಕೆ ಬೇಗ, ಮಂಡಿ ಮಡಚುವುದೂ ಚೆನ್ನ. ಆದರೆ ಮುಂದೆ ಮತ್ತೊಮ್ಮೆ ಆಪರೇಷನ್ ಬೇಕಾಗುವ ಸಂಭವ ಪೂರ್ತಿ ಬದಲಿಸಿದವರಿಗಿಂತ ಇವರಿಗೆ ಹೆಚ್ಚು. ಡಾಕ್ಟರು ಎರಡನ್ನೂ ಬಿಡಿಸಿ ಹೇಳಿದರು. ಅಕ್ಕ ಅರ್ಧವೇ ಸಾಕು ಎಂದಳು.

"ರೋಬೋಟ್ ಮಾಡತ್ತಂತೆ ಕಣೇ" ಎಂದು ಅವಳಿಗೆ ಹೆಮ್ಮೆ, ಒಳಗೊಳಗೇ ಹೆದರಿಕೆ. ಈ ರೋಬೋಟ್ ಕಥೆ ಶುರುವಾದದ್ದೂ ಅವಳ ಊರಿನ ಆಸುಪಾಸಿನಲ್ಲೇ. ಫ್ರೀಮಾಂಟ್‌ನಿಂದ ಕಾರಿನಲ್ಲಿ ಎರಡು ಗಂಟೆ ದೂರದ ಸ್ಯಾಕ್ರಮೆಂಟೊದಲ್ಲಿ ವಿಲಿಯಂ ಬಾರ್ಗರ್ ಎಂಬ ಮೂಳೆ ಡಾಕ್ಟರೂ ಹವರ್ಡ್ ಪಾಲ್ ಎಂಬ ಪಶುವೈದ್ಯರೂ ಸೇರಿ 'ರೋಬೋಡಾಕ್' ಎಂಬ ಯಂತ್ರದ ಕೆಲಸ ನಡೆಸಿದರು. ಮೊದಲು ಸೊಂಟದ ಕೀಲು ಸವೆದ ನಾಯಿಗಳ ಮೇಲೆ ಪ್ರಯೋಗ, 1992ರಲ್ಲಿ ಮನುಷ್ಯರಿಗೆ. ತೊಡೆಮೂಳೆಯೊಳಗೆ ಲೋಹದ ಕಡ್ಡಿ ಕೂರುವ ಕುಳಿಯನ್ನು ಕೈಗಿಂತ ನಿಖರವಾಗಿ ಕೊರೆಯುವುದೇ ಅದರ ಕೆಲಸ. ಆ ವಂಶದ ಯಂತ್ರಗಳನ್ನು ಮುಂದುವರಿಸಿದ ಥಿಂಕ್ ಸರ್ಜಿಕಲ್ ಕಂಪನಿ ಇರುವುದು ಫ್ರೀಮಾಂಟ್‌ನಲ್ಲೇ. ಈಗ ಬಳಕೆಯಲ್ಲಿರುವ ಬೇರೆ ಬೇರೆ ಕಂಪನಿಗಳ ರೋಬೋಟ್‌ಗಳೂ ತಾವಾಗಿ ಆಪರೇಷನ್ ಮಾಡುವುದಿಲ್ಲ. ಡಾಕ್ಟರೇ ಯೋಜನೆ ಹಾಕುತ್ತಾರೆ. ಗುರುತಿನ ಗೆರೆ ದಾಟದಂತೆ ಯಂತ್ರ ತಡೆಯುತ್ತದೆ. ಕೂರಿಸುವ ಅಳತೆ ಇದರಿಂದ ನಿಖರವಾಗುತ್ತದೆ, ನಿಜ. ಆದರೆ ರೋಗಿಗೆ ಹಲವು ವರ್ಷದ ನಂತರ ಸಿಗುವ ಸುಖದಲ್ಲಿ, ಒಳ್ಳೆಯ ಕೈಯ ಡಾಕ್ಟರು ಯಂತ್ರವಿಲ್ಲದೆ ಮಾಡಿದ್ದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಇನ್ನೂ ಸಾಬೀತಾಗಿಲ್ಲ. ಊರಿನ ಆಸ್ಪತ್ರೆಯ ಜಾಹೀರಾತಿನಲ್ಲಿ ರೋಬೋಟ್ ಚಿತ್ರ ನೋಡಿ ಸಾಲ ಮಾಡಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಬೆಳಿಗ್ಗೆ ಆರಕ್ಕೆ ಆಸ್ಪತ್ರೆಗೆ ಹೋದ ಅಕ್ಕ ಸಂಜೆ ಮನೆಯಲ್ಲಿದ್ದಳು. ಇದು ಮಾಯಮಂತ್ರವಲ್ಲ, ಬಹುಪಾಲು ಔಷಧದ ಕೆಲಸ. ಇದನ್ನು ಹೇಳುವಾಗ ನನಗೆ ಸ್ವಲ್ಪ ಜಂಬ. ಬೆನ್ನಿಗೆ ಅರಿವಳಿಕೆ, ತೊಡೆಯ ನರಕ್ಕೊಂದು ಚುಚ್ಚುಮದ್ದು. ಕೊಯ್ಯುವ ಮುಂಚಿನ ಒಂದು ಗಂಟೆಯೊಳಗೆ ಸೆಫಜೋಲಿನ್ ಆ್ಯಂಟಿಬಯಾಟಿಕ್. ರಕ್ತ ಹೋಗದಂತೆ ಟ್ರನೆಕ್ಸಾಮಿಕ್ ಆ್ಯಸಿಡ್. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವವರಿಗೆ ನಾವು ದಿನವೂ ಕೊಡುವ ಅದೇ ಔಷಧ. ಜಪಾನಿನ ಉತಾಕೊ ಒಕಾಮೊಟೊ ಎಂಬ ಮಹಿಳೆ ತನ್ನ ಗಂಡನ ಜೊತೆ ಸೇರಿ 1960ರ ದಶಕದಲ್ಲಿ ಕಂಡುಹಿಡಿದದ್ದು. ಇದು ಬಳಕೆಗೆ ಬಂದ ಮೇಲೆ ಮಂಡಿ ಆಪರೇಷನ್‌ಗೆ ರಕ್ತದ ಬಾಟಲಿ ಹೊಂದಿಸುವ ಪರದಾಟ ಬಹಳ ಕಡಿಮೆಯಾಗಿದೆ. ಮನೆಗೆ ಕೊಟ್ಟ ಚೀಲದಲ್ಲಿ ಹೊತ್ತುಹೊತ್ತಿಗೆ ಪ್ಯಾರಸಿಟಮಾಲ್, ಸೆಲೆಕಾಕ್ಸಿಬ್, ತಡೆಯಲಾರದ ನೋವಿಗೆ ಎಣಿಸಿ ಕೊಟ್ಟ ಕೆಲವು ಆಕ್ಸಿಕೊಡೋನ್, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್.

ಮೂರನೇ ವಾರ ಅಕ್ಕ ಮೆಟ್ಟಿಲು ಹತ್ತಿದ್ದನ್ನು ವಿಡಿಯೋ ಕಾಲ್‌ನಲ್ಲಿ ನೋಡಿ ಅಮ್ಮ, "ನಂಗೂ ಅದನ್ನೇ ಮಾಡ್ಸಿ ಬಿಡ್ರೇ" ಎಂದರು. ಐದು ವರ್ಷದಿಂದ ಬೇಡವೆಂದವರು! ಸಂತೋಷಪಡಬೇಕಾದ ಹೊತ್ತಿನಲ್ಲಿ ನನಗೆ ಸಂಕಟವಾಯಿತು. ಅಮ್ಮನ ಕಾಲುಗಳು ಬಿಲ್ಲಿನಂತೆ ಬಾಗಿವೆ, ಎರಡೂ ಬದಿ ಸವೆದಿದೆ. ಅವರಿಗೆ ಅರ್ಧ ಬದಲಿಸಿದರೆ ಆಗದು, ಪೂರ್ತಿಯೇ ಆಗಬೇಕು. ಪೂರ್ತಿ ಬದಲಿಸಿದ ಮೇಲೆ ನಡೆಯಬಹುದು, ಮೆಟ್ಟಿಲು ಹತ್ತಬಹುದು. ಆದರೆ ನೆಲದಲ್ಲಿ ಚಕ್ಕಳಮಕ್ಕಳ ಹಾಕುವುದು, ಕುಕ್ಕರಗಾಲಲ್ಲಿ ಕೂರುವುದು ಹೆಚ್ಚಿನವರಿಗೆ ಮತ್ತೆ ಕೂಡಿಬರುವುದಿಲ್ಲ. ನಮಾಜಿಗೆ ಮಂಡಿಯೂರುವವರಿಗೂ ಇದೇ ತೊಡಕು, ಕುರ್ಚಿ ಬೇಕಾಗುತ್ತದೆ. ಅಮ್ಮ ನಲವತ್ತು ವರ್ಷ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದವರು. ಅಕ್ಕನ ಆಪರೇಷನ್ನೇ ಬೇರೆ, ನಿಮ್ಮದೇ ಬೇರೆ ಎಂದು ಬಿಡಿಸಿ ಹೇಳಿದೆ. ಫೋನಿನಲ್ಲಿ ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಈಗೇನು ನಾ ಸುಲೀತಾ ಇದೀನಾ?" ಎಂದರು.

ಖರ್ಚಿನ ಮಾತು. ಮಂಡಿಯ ಬಿಡಿಭಾಗಗಳಿಗೆ ಬಾಯಿಗೆ ಬಂದ ಬೆಲೆ ಹೇಳುತ್ತಿದ್ದ ಕಾಲವೊಂದಿತ್ತು. 2017ರ ಆಗಸ್ಟ್‌ನಲ್ಲಿ ಭಾರತ ಸರ್ಕಾರ ಗರಿಷ್ಠ ಬೆಲೆ ನಿಗದಿ ಮಾಡಿತು. ಒಂದೂವರೆ ಲಕ್ಷ ದಾಟುತ್ತಿದ್ದ ಸಾಮಾನ್ಯ ಕೋಬಾಲ್ಟ್ ಕ್ರೋಮಿಯಂ ಮಂಡಿ ಆಗ 54,720 ರೂಪಾಯಿಗೆ (ತೆರಿಗೆ ಬೇರೆ) ಇಳಿಯಿತು. ಹಾಗಾಗಿ ಆಸ್ಪತ್ರೆಯ ಬಿಲ್ಲಿನಲ್ಲಿ ಮಂಡಿಯ ಬೆಲೆಯನ್ನು ಬೇರೆಯಾಗಿ ಬರೆಸಿಕೊಳ್ಳಿ, ಪೆಟ್ಟಿಗೆಯ ಸ್ಟಿಕ್ಕರ್ ಇಟ್ಟುಕೊಳ್ಳಿ. ಎಷ್ಟು ವರ್ಷ ಬಾಳಿಕೆ ಎಂದು ಕೇಳುವವರಿಗೆ: 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಲೆಕ್ಕದಂತೆ ಪೂರ್ತಿ ಬದಲಿಸಿದ ಮಂಡಿಗಳಲ್ಲಿ ನೂರಕ್ಕೆ ಸುಮಾರು 82, ಸೊಂಟದ ಕೀಲುಗಳಲ್ಲಿ ಸುಮಾರು 58, 25 ವರ್ಷ ಉಳಿಯುತ್ತವೆ. 76ರ ಅಮ್ಮನಿಗೆ ಇದು ಧಾರಾಳ. ನಲವತ್ತಕ್ಕೇ ಸೊಂಟದ ಕೀಲು ಬದಲಿಸಬೇಕಾಗಿ ಬಂದ ನಮ್ಮ ಡ್ರೈವರ್ ಅಣ್ಣಂದಿರು ಮಾತ್ರ ಎರಡು ಸಲ ಯೋಚಿಸಬೇಕು. ಅಂದಹಾಗೆ, ಸ್ಟೀರಾಯ್ಡ್ ಮಾತ್ರೆಗಳನ್ನು ಚೀಟಿಯಿಲ್ಲದೆ ತಿಂಗಳುಗಟ್ಟಲೆ ನುಂಗುವುದು ಆ ಕೀಲಿನ ಮೂಳೆ ಸಾಯಲು ಒಂದು ದೊಡ್ಡ ಕಾರಣ.

ರಜೆಯಲ್ಲಿ ಊರಿಗೆ ಹೋಗಿ ಸ್ವತಃ ಆಪರೇಷನ್ ಮಾಡಿಸಿಕೊಳ್ಳುವವರಿಗೆ ಇನ್ನೆರಡು ಮಾತು. ಮೂವತ್ತು ದಿನದ ರಜೆ ಸಾಲದು. ವಿಮಾನ ಹತ್ತುವ ಮೊದಲು ಆರು ವಾರವಾದರೂ ಬೇಕು, ದೂರದ ಪ್ರಯಾಣಕ್ಕೆ ಮೂರು ತಿಂಗಳು ಕಾಯಿರಿ ಎನ್ನುವ ಡಾಕ್ಟರರೂ ಇದ್ದಾರೆ. ಊರಲ್ಲಿ ಕೊಟ್ಟ ಟ್ರಮಡಾಲ್ ಅಥವಾ ಕೊಡೀನ್ ಮಾತ್ರೆಯನ್ನು ಬ್ಯಾಗಿನಲ್ಲಿ ಹಾಕಿಕೊಂಡು ಬರಬೇಡಿ. ಎಮಿರೇಟ್ಸ್‌ನಲ್ಲಿ ಅವು ನಿಯಂತ್ರಿತ ಔಷಧಗಳು, ಸರ್ಕಾರದ ಅನುಮತಿ ಮೊದಲೇ ಪಡೆಯಬೇಕು. ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ಸಿಕ್ಕಿಬೀಳುತ್ತೀರಿ.

ಅಡಿಕೆ ಕೊಯ್ಲು ಮುಗಿದು ಶಿವರಾತ್ರಿ ಕಳೆದ ಮೇಲೆ ಶಿವಮೊಗ್ಗದಲ್ಲಿ ಅಮ್ಮನ ಬಲ ಮಂಡಿಗೆ ದಿನ ಗೊತ್ತಾಗಿದೆ. ನಾನು ರಜೆಗೆ ಅರ್ಜಿ ಕೊಟ್ಟಿದ್ದೇನೆ. ಅಷ್ಟರೊಳಗೆ ಬಚ್ಚಲಮನೆಗೆ ಕಮೋಡ್ ಹಾಕಿಸಿ, ಗೋಡೆಗೆ ಹಿಡಿಕೆ ಕೂರಿಸುವ ಕೆಲಸ ತಮ್ಮನದು.