ಅಂಚೆಯವನು ಸಾಕಿದ ನರಿ

ಆರ್‌ಎಂಎಸ್‌ನಲ್ಲಿ, ಅಂದರೆ ರೈಲ್ವೆ ಅಂಚೆ ಸೇವೆಯಲ್ಲಿ, ದುಡಿದವರಿಗೆ ಅಂಟಿದ ಕೆಲವು ಚಟಗಳು ಪಿಂಚಣಿ ಬಂದಮೇಲೂ ಬಿಡುವುದಿಲ್ಲ. ಮದುವೆಯ ಕರೆಯೋಲೆ ಬಂದರೆ ವಧೂವರರ ಹೆಸರಿಗಿಂತ ಮೊದಲು ಕಣ್ಣು ಹೋಗುವುದು ಪಿನ್‌ಕೋಡಿಗೆ. ಚೀಲ ಕಂಡರೆ ಎತ್ತಿ ತೂಕ ನೋಡಬೇಕು, ಗಂಟು ಎಳೆದು ನೋಡಬೇಕು. ಮನೆಯಾಕೆ ತರಕಾರಿ ಚೀಲವನ್ನು ನನ್ನ ಕೈಗೆ ಸಿಗದ ಹಾಗೆ ಇಡುವುದು ಇದಕ್ಕೇ. ಇಂಥವನು ‘ದಿ ಲಿಟಲ್ ಪ್ರಿನ್ಸ್’ ಓದಲು ಕೂತರೆ ಏನಾಗಬೇಕೋ ಅದೇ ಆಯಿತು. ಗ್ರಹದಿಂದ ಗ್ರಹಕ್ಕೆ ಅಲೆಯುವ ಹುಡುಗನ ಕಥೆ ಅದು. ನಾಲ್ಕನೆಯ ಗ್ರಹಕ್ಕೆ ಬರುವಷ್ಟರಲ್ಲಿ ಸಿಟ್ಟು ಬಂತು.

ಆ ಗ್ರಹದಲ್ಲಿ ಒಬ್ಬ ವ್ಯಾಪಾರಸ್ಥ ಕೂತು ನಕ್ಷತ್ರ ಎಣಿಸುತ್ತಿರುತ್ತಾನೆ. ಲೆಕ್ಕ 50,16,22,731ಕ್ಕೆ ಬಂದಿದೆ. ಎಣಿಸಿದ್ದೆಲ್ಲ ತನ್ನದೇ ಎಂದು ಅವನ ವಾದ. ಒಂದು ಹೂವು, ಮೂರು ಜ್ವಾಲಾಮುಖಿ ಬಿಟ್ಟರೆ ಬೇರೇನೂ ಇಲ್ಲದ ಪುಟಾಣಿ ಗ್ರಹದಿಂದ ಬಂದ ಹುಡುಗ ಅವನ ನೀರಿಳಿಸಿ ಮುಂದೆ ಹೋಗುತ್ತಾನೆ. ಓದುವವರೆಲ್ಲ ಹುಡುಗನ ಕಡೆ. ರಾತ್ರಿಯಿಡೀ ಚೀಲ ಎಣಿಸಿಯೇ ಮಕ್ಕಳನ್ನು ಓದಿಸಿದ ನಾನು ಮಾತ್ರ ಎಣಿಸುವವನನ್ನು ಹೇಗೆ ಬಿಟ್ಟುಕೊಡಲಿ? ನಮ್ಮ ಎಣಿಕೆಯಲ್ಲಿ ಒಂದು ಚೀಲ ಕಮ್ಮಿ ಬಿದ್ದರೆ ಹರಿಹರದ ಯಾವುದೋ ಮನೆಗೆ ಆ ತಿಂಗಳ ಮನಿಯಾರ್ಡರ್ ಮುಟ್ಟುತ್ತಿರಲಿಲ್ಲ. ಕವಿಗಳು ಎಣಿಕೆಯನ್ನು ಅಷ್ಟು ಹಗುರವಾಗಿ ಆಡಬಾರದು.

ಇಷ್ಟು ಸಲೀಸಾಗಿ ಆಡಿದವನು ಯಾರಪ್ಪಾ ಎಂದು ಬರೆದವನ ಚರಿತ್ರೆ ಹುಡುಕಿಕೊಂಡು ಹೋದೆ. ಆಂತ್ವಾನ್ ದ ಸ್ಯಾಂತೆಕ್ಸುಪೆರಿ, 1900ರಲ್ಲಿ ಲಿಯಾನ್‌ನಲ್ಲಿ ಹುಟ್ಟಿದವನು. ಹಳೆಯ ಸರದಾರರ ಮನೆತನ. ಕಸುಬು ನೋಡಿದರೆ ನಮ್ಮದೇ, ಟಪಾಲಿನದು! 1926ರಲ್ಲಿ ತುಲೂಸ್‌ನ ಲಾತೆಕೋಯೆರ್ ಕಂಪನಿ ಸೇರಿದ. ತುಲೂಸ್‌ನಿಂದ ಸ್ಪೇನ್ ದಾಟಿ ಕಾಸಾಬ್ಲಾಂಕಾ, ಅಲ್ಲಿಂದ ಸಹಾರಾದ ಕಡಲಂಚು ಹಿಡಿದು ಡಾಕರ್‌ವರೆಗೆ ವಿಮಾನದಲ್ಲಿ ಟಪಾಲು ಸಾಗಿಸುವ ಕಂಪನಿ ಅದು. ಅಲ್ಲಿನ ಮೇಲಧಿಕಾರಿ ದಿದಿಯೆ ದೋರಾ ಮಹಾ ಬಿಗಿ. ದೊಡ್ಡ ಮನೆಯ ಹುಡುಗನೆಂದೂ ನೋಡದೆ ಮೊದಲು ಮೆಕ್ಯಾನಿಕ್‌ಗಳ ಜೊತೆ ಎಂಜಿನ್ ಕೆಲಸಕ್ಕೆ ಹಚ್ಚಿದ. ಮಳೆ, ಮಂಜು ಎಂದು ಯಾರೂ ನೆಪ ಹೇಳುವಂತಿಲ್ಲ, ಟಪಾಲು ಹೊತ್ತಿಗೆ ಸರಿಯಾಗಿ ಹೊರಡಬೇಕು. (ಫ್ರೆಂಚರಿಗೂ ವಿಮಾನ ಅಂಚೆಗೂ ನಂಟು ಬೆಳೆದದ್ದು ನಮ್ಮ ದೇಶದಲ್ಲೇ ಎಂದು ಇಲಾಖೆಯವರು ಇವತ್ತಿಗೂ ಮೀಸೆ ತಿರುವುತ್ತೇವೆ. 1911ರ ಫೆಬ್ರವರಿ 18ರಂದು ಹೆನ್ರಿ ಪೆಕೆ ಎಂಬ ಫ್ರೆಂಚ್ ತರುಣ ಸುಮಾರು 6,500 ಕಾಗದ ಹೊತ್ತು ಅಲಹಾಬಾದಿನಿಂದ ನೈನಿಗೆ ಹಾರಿದ. ಜಗತ್ತಿನ ಮೊದಲ ಅಧಿಕೃತ ವಿಮಾನ ಅಂಚೆ ಅದು.)

ಮುಂದೆ ಅರ್ಜೆಂಟೀನದಲ್ಲೂ ಅವನಿಗೆ ಅದೇ ಕೆಲಸ. ಹಗಲೆಲ್ಲ ರೈಲು, ಹಡಗುಗಳಿಗಿಂತ ಮುಂದೆ ಓಡಿದ ವಿಮಾನ ರಾತ್ರಿ ಮಲಗಿಬಿಟ್ಟರೆ ಗಳಿಸಿದ್ದೆಲ್ಲ ಹೋಯಿತಲ್ಲ? ಅದಕ್ಕೇ ರಾತ್ರಿಯೂ ಹಾರುವುದು. ಈ ಹಟದ ಮೇಲೆಯೇ ಅವನು 1931ರಲ್ಲಿ ‘ರಾತ್ರಿ ಹಾರಾಟ’ ಕಾದಂಬರಿ ಬರೆದ. ನಮ್ಮ ರಾತ್ರಿಗಳು ನೆಲದ ಮೇಲಿನವು. ಬೆಂಗಳೂರು–ಹುಬ್ಬಳ್ಳಿ ಮೀಟರ್ ಗೇಜ್ ಗಾಡಿಯ ಮೇಲ್ ವ್ಯಾನು, ಗೋಡೆಯುದ್ದಕ್ಕೂ ಗೂಡುಗಳು, ಗೂಡಿಗೊಂದು ಊರು. ಕಾಲು ಅಗಲಿಸಿ ನಿಂತು, ಗಾಡಿ ವಾಲಿದಾಗ ನಾವೂ ವಾಲುತ್ತ, ಎಡಗೈಯ ಕಟ್ಟಿನಿಂದ ಒಂದೊಂದೇ ಕಾಗದ ಬಲಗೈಯಲ್ಲಿ ಎಸೆಯುತ್ತ ಹೋಗುವುದು. ತಿಪಟೂರು, ಅರಸೀಕೆರೆ, ಕಡೂರು. ಬೀರೂರು ಬರುವಷ್ಟರಲ್ಲಿ ಶಿವಮೊಗ್ಗದ ಚೀಲದ ಬಾಯಿಗೆ ದಾರ ಬಿಗಿದು, ಅರಗು ಕರಗಿಸಿ ಮೊಹರು ಒತ್ತಿರಬೇಕು. ಅರಗು ಆರುವ ಮೊದಲೇ ಸ್ಟೇಷನ್ ಬಂದರೆ ಬೆರಳು ಸುಡುತ್ತಿತ್ತು. ಚೀಲ ಮಾತ್ರ ಇಳಿಯುತ್ತಿತ್ತು.

ಅರ್ಜೆಂಟೀನಕ್ಕೂ ಮೊದಲು, 1927ರಲ್ಲಿ, ದೋರಾ ಈ ಪೈಲಟನನ್ನು ಕೇಪ್ ಜೂಬಿ ಎಂಬಲ್ಲಿಗೆ ಹಾಕಿದ. ಈಗ ಅದು ಮೊರಾಕ್ಕೊದ ತಾರ್ಫಾಯಾ. ಒಂದು ಕಡೆ ಸಮುದ್ರ, ಮಿಕ್ಕ ಕಡೆಯೆಲ್ಲ ಮರಳು. ಪಕ್ಕದಲ್ಲಿ ಸ್ಪೇನಿನವರ ಕೋಟೆ. ಇವನಿಗೊಂದು ಮರದ ಗುಡಿಸಲು. ದಾರಿಯಲ್ಲಿ ಎಂಜಿನ್ ಕೈಕೊಟ್ಟು ಇಳಿದ ಪೈಲಟರನ್ನು ಮರಳುಗಾಡಿನ ಮೂರ್ ಬುಡಕಟ್ಟಿನವರು ಹಿಡಿದಿಟ್ಟುಕೊಂಡು ಹಣ ಕೇಳುತ್ತಿದ್ದರು. ಮಾತಾಡಿ ಬಿಡಿಸಿ ತರುವುದೂ ಇವನ ಪಾಲಿಗೆ. ಹೊತ್ತು ಕಳೆಯಲು ಇವನು ಅಲ್ಲೊಂದು ಫೆನೆಕ್ ಹಿಡಿದು ಸಾಕಿದ. ಬೆಕ್ಕಿಗಿಂತ ಚಿಕ್ಕದು, ಮೈಗಿಂತ ಕಿವಿಯೇ ಜಾಸ್ತಿ ಅನ್ನಿಸುವ ಮರಳುಗಾಡಿನ ನರಿ. ತಂಗಿಗೆ ಬರೆದ ಕಾಗದದಲ್ಲಿ ಅದರ ಚಿತ್ರವನ್ನೂ ಗೀಚಿ ಕಳಿಸಿದ.

ಪುಸ್ತಕದಲ್ಲಿ ಹುಡುಗನಿಗೆ ಸಿಗುವ ನರಿಯ ಕಿವಿಯೂ ಹಾಗೇ ಉದ್ದುದ್ದ. ಅದು ಆಡುವ ಒಂದು ಮಾತು ಈಗ ಲಗ್ನಪತ್ರಿಕೆ, ಕಾಫಿ ಲೋಟ, ಬೆಳಗಿನ ಶುಭೋದಯದ ಫಾರ್ವರ್ಡ್ ಎಲ್ಲದರ ಮೇಲೂ ಇದೆ. ನಿಮಗೂ ಬಂದಿರುತ್ತದೆ, ಇಲ್ಲಿ ಬರೆಯುವುದಿಲ್ಲ. ನನ್ನ ಕಿವಿ ನಿಮಿರಿದ್ದು ಅದಕ್ಕಿಂತ ಮೊದಲು ಅದು ಇಡುವ ಬೇಡಿಕೆಗೆ. ಬರುವುದಾದರೆ ದಿನವೂ ಒಂದೇ ಹೊತ್ತಿಗೆ ಬಾ ಎಂದು ಅದು ಹುಡುಗನಿಗೆ ತಾಕೀತು ಮಾಡುತ್ತದೆ. ಹೊತ್ತುಗೊತ್ತಿಲ್ಲದೆ ಬಂದರೆ ಕಾಯುವ ಸುಖವೇ ಇಲ್ಲವಂತೆ. ಇದು ಪ್ರೇಮಿಯ ಮಾತೆಂದು ಎಲ್ಲರೂ ಓದುತ್ತಾರೆ. ನನಗಂತೂ ಟೈಮ್‌ಟೇಬಲ್ ಬಲ್ಲವನ ಮಾತು ಕೇಳಿಸಿತು.

ಹಾಗೆ ನೋಡಿದರೆ ಇಡೀ ಪುಸ್ತಕವೇ ಡ್ಯೂಟಿ ಚಾರ್ಟು. ದಿನಾ ಹೂವಿಗೆ ನೀರು. ವಾರಕ್ಕೊಮ್ಮೆ ಜ್ವಾಲಾಮುಖಿಗಳ ಮಸಿ ಗುಡಿಸುವುದು, ಆರಿಹೋಗಿರುವ ಒಂದನ್ನೂ ಸೇರಿಸಿ. ಬಾವೊಬಾಬ್ ಸಸಿಗಳನ್ನು ಎಳೆಯದರಲ್ಲೇ ಕೀಳುವುದು, ಇಲ್ಲವಾದರೆ ಬೇರು ಬಿಟ್ಟು ಗ್ರಹವನ್ನೇ ಸೀಳಿಬಿಡುತ್ತವೆ. ರಾಜ, ಕುಡುಕ, ಕೂತಲ್ಲೇ ಭೂಗೋಳ ಬರೆಯುವವನು, ಯಾರೂ ಹುಡುಗನಿಗೆ ಹಿಡಿಸುವುದಿಲ್ಲ. ಹಿಡಿಸುವವನು ದೀಪ ಹಚ್ಚುವವನೊಬ್ಬನೇ. ಅವನ ಗ್ರಹ ನಿಮಿಷಕ್ಕೊಂದು ಸುತ್ತು ತಿರುಗತೊಡಗಿದೆ. ಸಂಜೆ ಹಚ್ಚು, ಬೆಳಿಗ್ಗೆ ಆರಿಸು ಎಂಬ ಆದೇಶ ಮಾತ್ರ ಹಳೆಯದೇ. ಬೇರೆಯವರೆಲ್ಲ ತಮ್ಮನ್ನೇ ನೋಡಿಕೊಳ್ಳುತ್ತಿರುವಾಗ ಇವನೊಬ್ಬ ತನ್ನದಲ್ಲದ ಕೆಲಸಕ್ಕೆ ಏಳುತ್ತಾನೆ, ಕೂರುತ್ತಾನೆ. ಭೂಮಿಗೆ ಬಂದಮೇಲೆ ರೈಲ್ವೆ ಪಾಯಿಂಟ್ಸ್‌ಮನ್ ಒಬ್ಬ ಸಿಗುತ್ತಾನೆ. ಪ್ರಯಾಣಿಕರನ್ನು ಸಾವಿರ ಸಾವಿರದ ಕಟ್ಟು ಮಾಡಿ ಬಲಕ್ಕೆ, ಎಡಕ್ಕೆ ಕಳಿಸುತ್ತಿರುತ್ತಾನೆ. ಸಾರ್ಟಿಂಗ್ ಎಂದರೆ ಅದೇ ತಾನೆ! ವ್ಯಾಪಾರಸ್ಥನ ಮೇಲಿನ ದೂರೂ ಆಗ ತಿಳಿಯಿತು. ಎಣಿಸಿದನೆಂದಲ್ಲ, ಎಣಿಸಿದ್ದನ್ನು ಎಲ್ಲಿಗೂ ಮುಟ್ಟಿಸಲಿಲ್ಲವೆಂದು.

ಕಥೆಯ ಶುರುವಿನಲ್ಲಿ ವಿಮಾನ ಕೆಟ್ಟು ಪೈಲಟ್ ಮರಳುಗಾಡಿನಲ್ಲಿ ಬೀಳುತ್ತಾನಲ್ಲ, ಅದೂ ಕಟ್ಟುಕಥೆಯಲ್ಲ. 1935ರ ಡಿಸೆಂಬರ್ ಕೊನೆಗೆ ಪ್ಯಾರಿಸ್‌ನಿಂದ ಸೈಗಾನ್‌ಗೆ ಹಾರುತ್ತಿದ್ದಾಗ ಇವನೂ ಮೆಕ್ಯಾನಿಕ್ ಆಂದ್ರೆ ಪ್ರೆವೊ ಕೂಡ ಈಜಿಪ್ಟಿನ ಕಡೆಯ ಮರುಭೂಮಿಗೆ ಅಪ್ಪಳಿಸಿದರು. ಇದ್ದದ್ದು ತುಸು ಹಣ್ಣು, ಒಂದಿಷ್ಟು ಕಾಫಿ. ಬಾಯಿ ಒಣಗಿ ನಾಲಗೆ ಹೊರಳದಾದಾಗಲೂ ಅವನು ಫೆನೆಕ್‌ಗಳ ಹೆಜ್ಜೆ ಹಿಡಿದು ಹೋಗಿ ಅವು ಏನು ತಿಂದು ಬದುಕುತ್ತವೆಂದು ನೋಡಿದ. ಕೊನೆಗೆ ನೀರು ಕೊಟ್ಟು ಉಳಿಸಿದವರು ಬೆದೂಯಿನರು.

ಪುಸ್ತಕ ಬರೆದದ್ದು 1942ರಲ್ಲಿ, ನ್ಯೂಯಾರ್ಕ್ ಮತ್ತು ಲಾಂಗ್ ಐಲ್ಯಾಂಡ್‌ನಲ್ಲಿ. ಫ್ರಾನ್ಸ್ ಜರ್ಮನರ ಕೈಗೆ ಹೋಗಿತ್ತು. ಅರ್ಪಣೆ ಲಿಯೋನ್ ವೆರ್ತ್‌ಗೆ. ಯಹೂದಿಯಾದ ಈ ಗೆಳೆಯ ಆಗ ಫ್ರಾನ್ಸಿನ ಹಳ್ಳಿಯೊಂದರಲ್ಲಿ ತಲೆಮರೆಸಿಕೊಂಡು, ಹಸಿವು ಚಳಿಯಲ್ಲಿದ್ದ. 1943ರ ಏಪ್ರಿಲ್‌ನಲ್ಲಿ ರೇನಲ್ ಅಂಡ್ ಹಿಚ್‌ಕಾಕ್ ಪ್ರಕಾಶನ ಅದನ್ನು ಹೊರತಂದಿತು. ಅದೇ ತಿಂಗಳು ಅವನು ಯುದ್ಧಕ್ಕೆ ಹೊರಟ. ಹೊರಡುವಾಗ ಹಸ್ತಪ್ರತಿಯನ್ನು ಒಂದು ಕಾಗದದ ಚೀಲದಲ್ಲಿ ತುರುಕಿ ಗೆಳತಿ ಸಿಲ್ವಿಯಾ ಹ್ಯಾಮಿಲ್ಟನ್ ಕೈಗೆ ಕೊಟ್ಟುಹೋದ. ರಿಜಿಸ್ಟರ್ ಇಲ್ಲ, ಇನ್ಶೂರ್ ಇಲ್ಲ! ಪುಣ್ಯಕ್ಕೆ ಈಗ ಅದು ನ್ಯೂಯಾರ್ಕಿನ ಮಾರ್ಗನ್ ಲೈಬ್ರರಿಯಲ್ಲಿದೆ. 1944ರ ಜುಲೈ 31ರಂದು ಕಾರ್ಸಿಕಾದಿಂದ ಒಬ್ಬನೇ ಹಾರಿದವನು ಹಿಂತಿರುಗಲಿಲ್ಲ. ವೆರ್ತ್ ತನ್ನ ಹೆಸರಿನ ಪುಸ್ತಕ ಕಂಡದ್ದು ಆಮೇಲೆ. ತಲುಪಬೇಕಾದ ಟಪಾಲು, ಕಳಿಸಿದವನು ಹೋದಮೇಲೆ ತಲುಪಿತು. ನಮ್ಮ ಕಸುಬಿನಲ್ಲಿ ಇದಕ್ಕಿಂತ ಕೆಟ್ಟ ಗಳಿಗೆ ಇನ್ನೊಂದಿಲ್ಲ.

1998ರಲ್ಲಿ ಮಾರ್ಸೇ ಹತ್ತಿರ ಮೀನುಗಾರನೊಬ್ಬನ ಬಲೆಗೆ ಬೆಳ್ಳಿಯ ಕೈಕಡಗ ಬಿತ್ತು. ಕೆತ್ತಿದ್ದು ಅವನ ಹೆಸರು, ಹೆಂಡತಿ ಕೊನ್ಸುಯೆಲೊ ಹೆಸರು, ಕೆಳಗೆ ಕೇರ್ ಆಫ್ ರೇನಲ್ ಅಂಡ್ ಹಿಚ್‌ಕಾಕ್, 386, ಫೋರ್ತ್ ಅವೆನ್ಯೂ, ನ್ಯೂಯಾರ್ಕ್. ಪೂರ್ತಿ ವಿಳಾಸ. ಇದನ್ನು ಓದಿದಾಗ ನಾನು ಎದ್ದು ನಿಂತೆ, ಸುಳ್ಳಲ್ಲ. ವಿಮಾನದ ಅವಶೇಷವನ್ನು ಮೇಲೆತ್ತಿ, 2004ರಲ್ಲಿ ಅವನದೇ ಎಂದು ಖಚಿತ ಮಾಡಿದರು.

ಮಗಳು, ಅಳಿಯ ಇಬ್ಬರೂ ಈಗ ಅದೇ ತುಲೂಸ್‌ನಲ್ಲಿ ವಿಮಾನ ಕಟ್ಟುವ ಕಂಪನಿಯಲ್ಲಿದ್ದಾರೆ. ಮೊಮ್ಮಗಳಿಗೆ ದಿನಾ ವಿಡಿಯೊ ಕಾಲ್‌ನಲ್ಲಿ ಈ ಕಥೆಯನ್ನು ಕನ್ನಡದಲ್ಲಿ ಹೇಳುವ ಡ್ಯೂಟಿ ನನ್ನದು. ಅಲ್ಲಿ ಸಂಜೆ ಆರು, ಇಲ್ಲಿ ರಾತ್ರಿ ಒಂಬತ್ತೂವರೆ.

“ಅಜ್ಜಾ, ದೀಪ ಹಚ್ಚೋ ಮಾಮಂಗೆ ರಜಾನೇ ಇಲ್ವಾ?”

“ರಿಲೀಫ್ ಬರೋವರೆಗೂ ಇಲ್ಲ ಕಂದಾ.”

“ರಿಲೀಫ್ ಯಾವಾಗ ಬರತ್ತೆ?”

ಇದಕ್ಕೆ ಇಲಾಖೆಯಲ್ಲೂ ಯಾರ ಬಳಿಯೂ ಉತ್ತರವಿರಲಿಲ್ಲ.

ಅಕ್ಟೋಬರ್ ಕೊನೆಯ ಭಾನುವಾರ ಒಂಬತ್ತಕ್ಕೇ ಕನ್ನಡಕ ಒರೆಸಿ, ಫೋನನ್ನು ಲೋಟಕ್ಕೆ ಒರಗಿಸಿ ಕೂತೆ. ಒಂಬತ್ತೂವರೆ ಆಯಿತು, ಹತ್ತಾಯಿತು. “ಗಾಡಿ ಲೇಟೇನ್ರೀ?” ಎಂದಳು ಮನೆಯಾಕೆ, ಒಳಗಿನಿಂದಲೇ. ಕಾಲ್ ಬಂದದ್ದು ಹತ್ತೂವರೆ ಹತ್ತಿರ. ಇದೇನಮ್ಮಾ ಇಷ್ಟು ಹೊತ್ತಿಗೆ ಎಂದು ಕೇಳಿದೆ. ಯೂರೋಪಿನವರು ಆ ದಿನ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆಂದು ಮಗಳು ಹಿಂದಿನಿಂದ ವಿವರಿಸುತ್ತಿದ್ದಳು. ಮೊಮ್ಮಗಳಿಗೆ ವಿವರಣೆ ಬೇಕಿರಲಿಲ್ಲ. ಫೋನ್ ಎತ್ತಿಕೊಂಡು ಓಡಿ ತಮ್ಮ ಗೋಡೆ ಗಡಿಯಾರಕ್ಕೆ ಹಿಡಿದು, “ನೋಡಜ್ಜಾ, ನಾನು ಲೇಟಿಲ್ಲ” ಎಂದಳು. ಆರಕ್ಕೆ ಇನ್ನೂ ಎರಡು ನಿಮಿಷ ಬಾಕಿಯಿತ್ತು.