ಮೆಂಬರ್ ಸಾಹೇಬ್ರು ಅದಾರೇನ್ರಿ?

ಬಸವಕಲ್ಯಾಣದಲ್ಲಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳುವವರು ಯಾರು? ಹಾಲಿನವರು, ಪೌರಕಾರ್ಮಿಕರು, ಸಸ್ತಾಪುರ ಬಂಗ್ಲಾದ ಹತ್ತಿರ ಲಾರಿ ನಿಲ್ಲಿಸಿ ಚಾ ಕುಡಿಯುವ ಡ್ರೈವರುಗಳು ಎಂದು ನೀವು ಹೇಳಬಹುದು. ಅವರಿಗೂ ಮೊದಲು ಏಳಬೇಕಾದವರು ವಾರ್ಡಿನ ಮೆಂಬರು. ತಾವಾಗಿ ಏಳದಿದ್ದರೆ ಜನರೇ ಏಳಿಸುತ್ತಾರೆ. "ಅಣ್ಣಾ, ನಳಕ್ಕ ನೀರ ಬಂದಿಲ್ಲ." "ಕಾಕಾ, ನಾಲಿ ತುಂಬಿ ರಸ್ತೆ ಮ್ಯಾಲ ಹರೀಲಕತ್ತಾದ." ಶಾಸಕರಿಗೆ ಅಷ್ಟು ಹೊತ್ತಿಗೆ ಫೋನ್ ಹಚ್ಚುವ ಧೈರ್ಯ ಯಾರಿಗೂ ಇಲ್ಲ, ಸಂಸದರ ನಂಬರು ಯಾರ ಹತ್ತಿರವೂ ಇರುವುದಿಲ್ಲ. ಮೆಂಬರ ಮನೆ ಮಾತ್ರ ಆಚೆ ಗಲ್ಲಿಯಲ್ಲೇ ಇದೆ. ಪ್ರಜಾಪ್ರಭುತ್ವದಲ್ಲಿ ಬೈಯಲು ಕೈಗೆ ಸಿಗುವ ಮನುಷ್ಯ ಅವರೊಬ್ಬರೇ.

ಕೈಗೆ ಸಿಗಲೇಬೇಕಾದ ಲೆಕ್ಕವೂ ಅಲ್ಲಿದೆ. 2011ರ ಜನಗಣತಿಯಲ್ಲಿ ಬಸವಕಲ್ಯಾಣದ ಜನಸಂಖ್ಯೆ ಹತ್ತಿರಹತ್ತಿರ 70 ಸಾವಿರ; ಅದು ನಗರಸಭೆ, ವಾರ್ಡು 31. ಪಕ್ಕದ ಹುಮನಾಬಾದಿನಲ್ಲಿ 44 ಸಾವಿರದ ಮೇಲೆ. ಅದು ಪುರಸಭೆ, ವಾರ್ಡು 27. ಅಂದರೆ ಎರಡು ಸಾವಿರದ ಆಸುಪಾಸಿನ ಜನಕ್ಕೊಬ್ಬ ಮೆಂಬರು. ಅಷ್ಟು ಜನರಲ್ಲಿ ಯಾರ ಮನೆ ಮಗಳ ಮದುವೆ ಯಾವಾಗ, ಯಾರ ಮುದುಕಪ್ಪ ದವಾಖಾನೆಯಲ್ಲಿದ್ದಾನೆ, ಯಾರ ಅಂಗಳದ ಮುಂದಿನ ಕಂಬದ ಲೈಟು ಸತ್ತಿದೆ ಎಲ್ಲ ಗೊತ್ತಿರಬೇಕು. ಅದನ್ನೂ ಕನ್ನಡ, ಉರ್ದು, ಮರಾಠಿ ಮೂರರಲ್ಲಿ ಕೇಳಿಸಿಕೊಂಡು ಮೂರರಲ್ಲೂ ಸಮಾಧಾನ ಹೇಳಬೇಕು. ನಿಜಾಮರ ಸೀಮೆಯಾಗಿದ್ದ ಊರು; ಪಡುವಣಕ್ಕೆ ಹೊರಟರೆ ಮಹಾರಾಷ್ಟ್ರದ ಉಮರ್ಗಾ. ಒಂದೇ ಭಾಷೆ ಬರುವವನು ಇಲ್ಲಿ ಚುನಾವಣೆಗೆ ನಿಲ್ಲದಿರುವುದು ಲೇಸು.

ಇನ್ನು ಅಧಿಕಾರ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಾಡಳಿತಕ್ಕೆಂದು 18 ವಿಷಯಗಳ ಪಟ್ಟಿ ಕೊಟ್ಟಿತು. ಗಲ್ಲಿಯ ಜನರ ಪಟ್ಟಿ ಅದಕ್ಕಿಂತ ಉದ್ದ. ಕರೆಂಟು ಜೆಸ್ಕಾಂನದು, ರೇಷನ್ ಕಾರ್ಡು ಆಹಾರ ಇಲಾಖೆಯದು, ಬಸ್ಸು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ್ದು, ನೀರಿನ ದೊಡ್ಡ ಕಾಮಗಾರಿಗಳು ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯವು. ಈ ವಿಂಗಡಣೆಯನ್ನು ಒಬ್ಬ ಮುದುಕಿಗೆ ವಿವರಿಸಿ ನೋಡಿ.

"ಅದು ನಮ್ಮ ಕಡಿ ಬರಲ್ಲ, ಅವ್ವಾ."

"ಓಟ್ ಕೇಳ್ಲಾಕ ನೀ ನಮ್ಮ ಕಡಿ ಬಂದಿದ್ದಿ ಅಲಾ?"

ಇದಕ್ಕೆ ಉತ್ತರ ಯಾವ ಅನುಸೂಚಿಯಲ್ಲೂ ಇಲ್ಲ. ಮೆಂಬರು ಚಪ್ಪಲಿ ಮೆಟ್ಟಿ ಹೊರಡುತ್ತಾರೆ.

ಅವರು ಹೊರಟಿರಲಿ, ನಾವು ಸ್ವಲ್ಪ ಆಚೆ ಹೋಗಿ ಬರೋಣ. ಕಲ್ಯಾಣದ ಹೆಸರೆತ್ತಿದರೆ ಹನ್ನೆರಡನೇ ಶತಮಾನ ಬಾರದೆ ಬಿಡುವುದಿಲ್ಲ. ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದ ಬಸವಣ್ಣ, ಅನುಭವ ಮಂಟಪ, ಅಲ್ಲಮ ಕೂತ ಶೂನ್ಯ ಸಿಂಹಾಸನ. 2021ರ ಜನವರಿಯಲ್ಲಿ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಬಿದ್ದಾಗಿನಿಂದ ವೇದಿಕೆ ಸಿಕ್ಕಲ್ಲೆಲ್ಲ ಪ್ರತಿ ಮೆಂಬರೂ ಶರಣರನ್ನು ನೆನೆಯುತ್ತಾರೆ. ನೆನೆಯಲಿ. ಆದರೆ ಇತ್ತೀಚಿನ ವರ್ಷಗಳಲ್ಲಿ ರಾಜ್ಯದ ನಗರಸಭೆ, ಪುರಸಭೆಗಳು ಕಂಡ ಸಿಂಹಾಸನದ ಶೂನ್ಯತೆಯೇ ಬೇರೆ ತರಹದ್ದು. 2018 ಮತ್ತು 2019ರಲ್ಲಿ ಗೆದ್ದ ಎಷ್ಟೋ ಸದಸ್ಯರಿಗೆ ಅಧ್ಯಕ್ಷ ಸ್ಥಾನದ ಮೀಸಲಾತಿ ಕೋರ್ಟು ಹತ್ತಿದ್ದರಿಂದ 2020ರ ಕೊನೆಯವರೆಗೆ ಅಧ್ಯಕ್ಷರನ್ನೇ ಆರಿಸಲಾಗಲಿಲ್ಲ. ಮೊದಲ ಎರಡೂವರೆ ವರ್ಷದ ಅವಧಿ ಮುಗಿದ ಮೇಲೆ ಮತ್ತೆ ಅದೇ ಕತೆ. ಎರಡನೇ ಅವಧಿಯ ಮೀಸಲಾತಿ ಪಟ್ಟಿ ಬಂದದ್ದು 2024ರ ಆಗಸ್ಟಿನಲ್ಲಿ. ನಡುವಿನ ದಿನಗಳಲ್ಲಿ ಆಡಳಿತಾಧಿಕಾರಿಯ ಆಳ್ವಿಕೆ. ಗೆದ್ದಿದ್ದಾರೆ, ಆದರೆ ಸಭೆ ಇಲ್ಲ, ಠರಾವಿಲ್ಲ. ನಾಲಿ ತುಂಬುವುದು ಮಾತ್ರ ಕೋರ್ಟಿನ ತಡೆಯಾಜ್ಞೆಗೆ ಕಾಯಲಿಲ್ಲ. ಆಗಲೂ ಜನ ಬೈದದ್ದು ಮೆಂಬರನ್ನೇ.

ಶರಣರಲ್ಲಿ ನನಗೆ ಈ ಹೊತ್ತಿಗೆ ನೆನಪಾಗುವವಳು ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ದಿನಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದವಳು. ಈಗ ಅರ್ಧದಷ್ಟು ವಾರ್ಡುಗಳು ಹೆಣ್ಣುಮಕ್ಕಳಿಗೆ ಮೀಸಲು. ಆದರೂ ಬಾಗಿಲಲ್ಲಿ ನಿಂತು "ಮೆಂಬರ್ ಸಾಹೇಬ್ರು ಅದಾರೇನ್ರಿ?" ಎಂದು ಕೂಗಿದರೆ ಹೊರಗೆ ಬರುವವರು ಗಂಡ. ಗೆದ್ದಾಕೆ ಒಳಗಿಂದ ಚಾ ಕಳಿಸುತ್ತಾಳೆ. ಬ್ಯಾನರಿನಲ್ಲಿ ಇಬ್ಬರ ಫೋಟೋ, ಗಂಡನದು ತುಸು ದೊಡ್ಡದು. ಇದನ್ನು ನೋಡಿ ನಕ್ಕು ಸುಮ್ಮನಾಗುವವರ ಪೈಕಿ ನಾನಲ್ಲ, ಏಕೆಂದರೆ ಕತೆ ಅಲ್ಲಿಗೇ ನಿಲ್ಲುವುದಿಲ್ಲ. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಹೆಂಗಸರು ಹಿತ್ತಿಲ ಬಾಗಿಲಿನಿಂದ ಬರತೊಡಗುತ್ತಾರೆ. ನೀರು ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ, ವಾಲ್ವ್ ತಿರುಗಿಸುವವನು ಯಾರ ಓಣಿಗೆ ಎಷ್ಟು ಹೊತ್ತು ಬಿಟ್ಟ ಎಂಬುದು ಕೊಡ ಹಿಡಿದು ಕಾದವರಿಗೆ ತಿಳಿದಷ್ಟು ಕಿಸೆಯಲ್ಲಿ ಫೋನಿಟ್ಟು ತಿರುಗುವ ಗಂಡನಿಗೆ ತಿಳಿಯದು. ಹಾಗೆ ಕೇಳಿ ತಿಳಿದಾಕೆ ಒಂದು ದಿನ ಸಭೆಯಲ್ಲಿ ಎದ್ದು ನಿಂತರೆ ಎಂಜಿನಿಯರು ಫೈಲು ತಡಕಾಡುತ್ತಾರೆ.

ಹುಮನಾಬಾದಿನ ಮೆಂಬರ ಪಾಡು ಇನ್ನೊಂದು ಬಗೆಯದು. ಹೈದರಾಬಾದ್–ಪುಣೆ ಹೆದ್ದಾರಿ, ಬೀದರ್–ಕಲಬುರಗಿ ರಸ್ತೆ ಎರಡೂ ಕೂಡುವ ಊರು. 2017ರ ಅಕ್ಟೋಬರಿನಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗವೂ ಸೇರಿಕೊಂಡಿತು. ಊರಿಗೆ ಬರುವವರು ಹೆಚ್ಚಾದಷ್ಟೂ ಕಸ ಹೆಚ್ಚು. ಜನವರಿಯಲ್ಲಿ ವೀರಭದ್ರೇಶ್ವರ ಜಾತ್ರೆ, ದತ್ತ ಜಯಂತಿಗೆ ಪಕ್ಕದ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಉತ್ಸವ. ಜಾತ್ರೆಗೆ ಮೊದಲು ದಾರಿ ಗುಡಿಸಬೇಕು, ತಾತ್ಕಾಲಿಕ ಲೈಟು ಹಾಕಿಸಬೇಕು, ಟ್ಯಾಂಕರು ನಿಲ್ಲಿಸಬೇಕು, ಅಂಗಡಿ ಹಾಕುವವರ ಜಾಗದ ಜಗಳ ಬಿಡಿಸಬೇಕು. ಜಾತ್ರೆ ಚೆನ್ನಾಗಿ ನಡೆದರೆ ದೇವರ ಕೃಪೆ. ನೀರು ಕಡಿಮೆ ಬಿದ್ದರೆ ಮೆಂಬರ ತಪ್ಪು. ಬಸವಕಲ್ಯಾಣದಲ್ಲೂ ಬಸವ ಜಯಂತಿಗೆ, ರಾಜಾ ಬಾಗ್ ಸವಾರ್ ದರ್ಗಾದ ಉರುಸಿಗೆ ಇದೇ ಓಡಾಟ.

ಆದರೆ ಮೆಂಬರ ಅಸಲಿ ಕೆಲಸ ಇದ್ಯಾವುದೂ ಅಲ್ಲ. ಅದು ಜೊತೆಗೆ ಹೋಗುವ ಕೆಲಸ. ಖಾತಾ ಬದಲಾಗಬೇಕು, ವಿಧವಾ ವೇತನ ನಿಂತಿದೆ, ಜನನ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರು ತಪ್ಪಾಗಿದೆ. ಅರ್ಜಿ ಬರೆಯಲು ಬರುತ್ತದೆ, ಕಾಗದಗಳೂ ಇವೆ. ಆದರೂ "ನೀವು ಸುಮ್ನ ಬಂದು ಒಂದ್ಸಲ ನಿಲ್ರಿ" ಎನ್ನುತ್ತಾರೆ. ಮೆಂಬರು ಹೋಗಿ ನಿಂತರೆ ನಾಳೆ ಬನ್ನಿ ಎನ್ನುತ್ತಿದ್ದ ಗುಮಾಸ್ತ ಇವತ್ತೇ ಕುರ್ಚಿ ಎಳೆದು ಕೊಡುತ್ತಾನೆ. ಒಳ್ಳೆಯ ಮೆಂಬರೆಂದರೆ ಬಹಳ ಮಂದಿಗೆ ಹೀಗೆ ಬಂದು ನಿಲ್ಲುವವನೇ.

ಇಲ್ಲೇ ನನ್ನ ತಕರಾರು. ಮೆಂಬರು ಬಂದರೆ ಆಗುವ ಕೆಲಸ, ಬಾರದಿದ್ದರೂ ಆಗಬೇಕಿದ್ದ ಕೆಲಸವೇ. ಅವರು ಪ್ರತಿ ಸಲ ಬಂದು ನಿಂತಾಗಲೂ ಒಬ್ಬಳ ವೇತನ ಶುರುವಾಗುತ್ತದೆ; ಮೆಂಬರಿಲ್ಲದೆ ಬಂದವರನ್ನು ನಾಳೆಗೆ ಕಳಿಸಬಹುದು ಎಂಬ ಪಾಠವೂ ಕಚೇರಿಗೆ ಗಟ್ಟಿಯಾಗುತ್ತದೆ. ಇದನ್ನೇ ಒಬ್ಬ ಹಳೆಯ ಮೆಂಬರ ಮುಂದೆ ಇಟ್ಟೆ. ಅವರು ಸಿಟ್ಟಾಗಲಿಲ್ಲ.

"ಖರೇ ಅದರಿ ನೀವು ಹೇಳೋದು. ಆದ್ರ ಆ ಮುದುಕಿಗಿ ಹ್ಯಾಂಗ್ ಹೇಳ್ಲಿ, ವ್ಯವಸ್ಥಾ ಸುಧಾರಸ್ತನಕ ಉಪಾಸ ಇರು ಅಂತ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಫೋನು ಬಡಿಯಿತು. ಆ ಕಡೆಯವರ ಮಾತು ನನಗೂ ಕೇಳುವಷ್ಟು ಜೋರಾಗಿತ್ತು: ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು, ಅಂದರೆ ಜೆಸ್ಕಾಂನ ಕೆಲಸ. ಅವರು ಬೈಕಿನ ಕೀಲಿ ಹುಡುಕುತ್ತ ಎದ್ದರು.