ಜೀಪಿಗೂ ಬೇಕು ಒಂದು ಸಾಸಿವೆ ಡಬ್ಬಿ

ಕೀ ತಿರುಗಿಸಿದೆ. 'ಟಿಕ್' ಅಂತ ಒಂದೇ ಸದ್ದು. ಮತ್ತೆ ತಿರುಗಿಸಿದೆ. ಟಿಕ್. ಹೆಡ್‌ಲೈಟ್ ಮಂಕಾಗಿ, ಹಳದಿಯಾಗಿ, ಆಮೇಲೆ ಇಲ್ಲವೇ ಇಲ್ಲ. ಹಿಂದಿನ ಸೀಟಿನಲ್ಲಿ ಅಮ್ಮನ ಭುಜಕ್ಕೆ ಒರಗಿಕೊಂಡಿದ್ದ ಅಪ್ಪನ ಎದೆಯಿಂದ ಬರುತ್ತಿದ್ದ ಗೊರಗೊರ ಶಬ್ದವೊಂದೇ ಕತ್ತಲಲ್ಲಿ ಕೇಳಿಸುತ್ತಿತ್ತು.

ಎರಡು ವರ್ಷದ ಹಿಂದಿನ ಮಾತು. ಜುಲೈ ತಿಂಗಳು, ಸಕಲೇಶಪುರದ ಕಡೆ ನಮ್ಮ ತೋಟ. ಬೆಂಗಳೂರಿನಿಂದ ಶನಿವಾರ ಹೋಗಿದ್ದೆ. ರಾತ್ರಿ ಹತ್ತೂವರೆಗೆ ಅಪ್ಪನ ಉಬ್ಬಸ ಜೋರಾಯಿತು. ಇನ್‌ಹೇಲರ್ ಎರಡು ಸಲ ಕೊಟ್ಟರೂ ಇಳಿಯಲಿಲ್ಲ. ಹಳೇ ಡೀಸೆಲ್ ಜೀಪಿನಲ್ಲಿ ಇಬ್ಬರನ್ನೂ ಕೂರಿಸಿಕೊಂಡು ಹೊರಟೆ. ಒಂದೂವರೆ ಕಿಲೋಮೀಟರ್ ಹೋಗುವಷ್ಟರಲ್ಲಿ ರಸ್ತೆಗೆ ಅಡ್ಡಲಾಗಿ ಸಿಲ್ವರ್ ಮರ ಬಿದ್ದಿತ್ತು.

ನಿಜ ಹೇಳಬೇಕು ಅಂದ್ರೆ ಆಗ ನನಗೆ ಹೆದರಿಕೆಯೇ ಆಗಲಿಲ್ಲ. ಜೀಪಿನ ಮುಂದೆ ಹೊಸ ವಿಂಚ್ ಇತ್ತಲ್ಲ! 9,500 ಪೌಂಡ್, ಅಂದ್ರೆ ನಾಲ್ಕು ಟನ್‌ಗೂ ಮೇಲೆ ಎಳೆಯೋ ತಾಕತ್ತು. ಗೆಳೆಯರ ಜೊತೆ ಆಫ್‌ರೋಡ್ ಹೋಗೋಕೆ ಅಂತ ಆಸೆಪಟ್ಟು ಹಾಕಿಸಿದ್ದು. ಮರಕ್ಕೆ ಪಟ್ಟಿ ಸುತ್ತಿ, ಹುಕ್ ಸಿಕ್ಕಿಸಿ ಎಳೆಯೋಕೆ ಶುರು ಮಾಡಿದೆ.

ಅಲ್ಲೇ ನಾನು ತಪ್ಪು ಮಾಡಿದ್ದು. ನಿಂತ ಜೀಪಿನ ಡೀಸೆಲ್ ಹೊಗೆ ಗಾಳಿಗೆ ಒಳಗೆ ನುಗ್ಗಿ ಅಪ್ಪನ ಕೆಮ್ಮು ಹೆಚ್ಚಾಯಿತು. "ಅದನ್ನ ಆಫ್ ಮಾಡೋ, ತಡೆಯಕ್ಕಾಗ್ತಿಲ್ಲ ಅವರಿಗೆ" ಅಂದರು ಅಮ್ಮ. ಎಂಜಿನ್ ಆಫ್ ಮಾಡಿದೆ. ಹೆಡ್‌ಲೈಟ್ ಉರಿಯುತ್ತಲೇ ಇತ್ತು, ವಿಂಚ್ ಬ್ಯಾಟರಿಯಲ್ಲೇ ನಡೆಯಿತು. ಎಳೆಯೋದು, ನಿಲ್ಲಿಸೋದು, ಪಟ್ಟಿ ಸರಿ ಮಾಡಿ ಮತ್ತೆ ಎಳೆಯೋದು. ಮರ ಮುಕ್ಕಾಲು ಪಾಲು ಪಕ್ಕಕ್ಕೆ ಬಂತು. ವಿಂಚ್ ಮುಲುಗಿ ನಿಂತಿತು. ಆಮೇಲೆ ಆ ಟಿಕ್.

ಹಳೇ ಜೀಪು ತಾನೇ, ತಳ್ಳಿ ಸ್ಟಾರ್ಟ್ ಮಾಡೋಣ ಅಂದ್ರೆ ಮುಂದೆ ಮರ, ಹಿಂದೆ ಏರು, ಕೆಳಗೆ ಕೆಸರು. ಟಾರ್ಚ್ ಹಿಡಿದು ಸಿಗ್ನಲ್ ಸಿಗೋ ದಿಬ್ಬದವರೆಗೂ ಓಡಿದೆ. ಪಕ್ಕದ ತೋಟದ ರೈಟರ್‌ಗೆ ಫೋನ್ ಮಾಡಿದೆ. ಅವರು ಟ್ರ್ಯಾಕ್ಟರ್ ತಂದು, ಅದರ ಬ್ಯಾಟರಿಯಿಂದ ಜಂಪರ್ ಕೇಬಲ್ ಕೊಟ್ಟು, ಜೀಪು ಸ್ಟಾರ್ಟ್ ಆಗುವಾಗ ಒಂದೂವರೆ ಗಂಟೆ ಕಳೆದಿತ್ತು. ಆಸ್ಪತ್ರೆಯಲ್ಲಿ ನೆಬ್ಯುಲೈಸರ್ ಹಾಕಿದ ಡಾಕ್ಟರ್ ಹೇಳಿದ್ದು ಒಂದೇ ಮಾತು: "ಇಷ್ಟು ತಡ ಮಾಡಬಾರದಿತ್ತು." ಬೆಳಗ್ಗೆ ಹೊತ್ತಿಗೆ ಅಪ್ಪ ಸುಧಾರಿಸಿಕೊಂಡರು. ನಾನು ಸುಧಾರಿಸಿಕೊಳ್ಳೋಕೆ ಇನ್ನೂ ಸುಮಾರು ದಿನ ಬೇಕಾಯಿತು.

ಆಮೇಲೆ ಕೂತು ಲೆಕ್ಕ ಹಾಕಿದೆ. ಎರಡು ಹೆಡ್‌ಲೈಟಿಗೆ ಬೇಕಾಗೋದು ಸುಮಾರು 10 ಆಂಪ್. ನನ್ನ ವಿಂಚಿನಂಥದ್ದಕ್ಕೆ ಭಾರವಿಲ್ಲದೆ ಸುಮ್ಮನೆ ತಿರುಗೋಕೇ 60-70 ಆಂಪ್, ಅರ್ಧ ಭಾರಕ್ಕೆ 200ರ ಆಸುಪಾಸು, ಪೂರ್ತಿ ಭಾರಕ್ಕೆ 400ರ ಮೇಲೆ. ನನ್ನದು 65 ಆಂಪಿಯರ್-ಅವರ್ ಬ್ಯಾಟರಿ, ಅದೂ ಮೂರು ವರ್ಷ ಹಳೆಯದು. ಕಾಗದದ ಮೇಲೆ 200 ಆಂಪ್‌ಗೆ ಸುಮಾರು 20 ನಿಮಿಷ ಬರಬೇಕು. ಆದರೆ ಇಷ್ಟು ವೇಗವಾಗಿ ಹೀರಿದರೆ ಬ್ಯಾಟರಿ ತನ್ನ ಪೂರ್ತಿ ಶಕ್ತಿ ಕೊಡೋದೇ ಇಲ್ಲ. ಪೂರ್ತಿ ಖಾಲಿಯಾಗೋಕೆ ಮುಂಚೆಯೇ ಸ್ಟಾರ್ಟರ್ ತಿರುಗಿಸೋ ಬಲ ಹೋಗಿರುತ್ತೆ.

ಮುಂದಿನ ವಾರ ಊರಿನ ಆಟೋ ಎಲೆಕ್ಟ್ರಿಷಿಯನ್ ಹತ್ರ ಹೋದೆ. "ಅಣ್ಣ, ಇನ್ನೊಂದು ಬ್ಯಾಟರಿ ಇಟ್ಟು ಎರಡನ್ನೂ ಸೇರಿಸಿಬಿಡಿ. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್. ಡಬಲ್ ಪವರ್."

ಅವರು ನಕ್ಕರು. "ನಿಮಗೆ ವಿಂಚಿಗೆ ಜಾಸ್ತಿ ಪವರ್ ಬೇಕಾ ಸಾರ್, ಇಲ್ಲಾ ಮನೆಗೆ ವಾಪಸ್ ಬರೋ ಗ್ಯಾರಂಟಿ ಬೇಕಾ?"

ಪ್ರಶ್ನೆ ಚುರುಕ್ ಅಂತು. ನೇರವಾಗಿ ಸೇರಿಸಿಟ್ಟರೆ ಎರಡು ಬ್ಯಾಟರಿಯೂ ಒಂದೇ ಪಾತ್ರೆ ಇದ್ದ ಹಾಗೆ. ಖಾಲಿಯಾದರೆ ಎರಡೂ ಒಟ್ಟಿಗೇ ಖಾಲಿ. ಮೇಲಿಂದ ಹಳೇ ಬ್ಯಾಟರಿ ಹೊಸದನ್ನೂ ಹಾಳು ಮಾಡುತ್ತೆ. ಅದಕ್ಕೇ ನಡುವೆ ಐಸೊಲೇಟರ್ ಬೇಕು, ಅಂದ್ರೆ ವೋಲ್ಟೇಜ್ ನೋಡಿ ತಾನೇ ಸೇರಿಸೋ, ತಾನೇ ಬೇರ್ಪಡಿಸೋ ರಿಲೇ.

ಅದರ ಕೆಲಸ ಸರಳ. ಎಂಜಿನ್ ಓಡುವಾಗ ಆಲ್ಟರ್ನೇಟರ್ ವೋಲ್ಟೇಜನ್ನು 14ರ ಆಸುಪಾಸಿಗೆ ಏರಿಸುತ್ತೆ. ಸುಮಾರು 13.3 ದಾಟಿದ ಕೂಡಲೇ ರಿಲೇ ಎರಡೂ ಬ್ಯಾಟರಿಯನ್ನು ಸೇರಿಸುತ್ತೆ, ಎರಡೂ ಚಾರ್ಜ್ ಆಗುತ್ತವೆ. ಎಂಜಿನ್ ಆಫ್ ಆಗಿ ವೋಲ್ಟೇಜ್ 12.8ರ ಹತ್ರ ಇಳಿದರೆ ಬೇರೆ ಮಾಡಿಬಿಡುತ್ತೆ. ವಿಂಚಿನ ತಂತಿ ಹೋಗೋದು ಎರಡನೇ ಬ್ಯಾಟರಿಗೆ ಮಾತ್ರ. ಅದು ಎಷ್ಟೇ ಕುಡಿದರೂ ಸ್ಟಾರ್ಟ್ ಮಾಡೋ ಬ್ಯಾಟರಿ ಮುಟ್ಟುವಂತಿಲ್ಲ.

ಮನೆಗೆ ಬಂದು ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಬೀನ್ಸ್ ಬಿಡಿಸುತ್ತಾ ಕೇಳಿಸಿಕೊಂಡು, "ಅಂದ್ರೆ ನನ್ನ ಸಾಸಿವೆ ಡಬ್ಬಿ ಅನ್ನು" ಅಂದರು. "ಕಾಫಿ ದುಡ್ಡು ಬಂದಾಗ ನಿಮ್ಮಪ್ಪನ ಜೇಬಿಗೂ ಹೋಗ್ತಿತ್ತು, ಡಬ್ಬಿಗೂ ಬೀಳ್ತಿತ್ತು. ದುಡ್ಡು ಬರೋದು ನಿಂತ ಮೇಲೆ ಅವರು ಎಷ್ಟಾದ್ರೂ ಖರ್ಚು ಮಾಡ್ಲಿ, ಡಬ್ಬಿ ಸುದ್ದಿಗೆ ಬರೋ ಹಾಗಿರ್ಲಿಲ್ಲ."

ಎಂಜಿನಿಯರಿಂಗ್ ಓದಿದ ನಾನು ಇದಕ್ಕಿಂತ ಚೆನ್ನಾಗಿ ಹೇಳಲಾರೆ.

ನೀವೂ ಹಾಕಿಸೋದಾದ್ರೆ ನಾನು ಕಲಿತ ನಾಲ್ಕು ಮಾತು. ಸಾಮಾನ್ಯವಾಗಿ ಸಿಗೋ 140 ಆಂಪ್ ರಿಲೇ ಮೂಲಕ ವಿಂಚಿನ ಕರೆಂಟ್ ಹರಿಯಬಾರದು, ಸುಟ್ಟುಹೋಗುತ್ತೆ. ವಿಂಚಿಗೆ ಎರಡನೇ ಬ್ಯಾಟರಿಯಿಂದ ನೇರ ದಪ್ಪ ಕೇಬಲ್ ಇರಲಿ, ಕೆಲಸವಿಲ್ಲದಾಗ ಅದನ್ನು ಬಂದ್ ಮಾಡೋಕೆ ಒಂದು ಮೇನ್ ಸ್ವಿಚ್ ಇರಲಿ. ಎರಡು ಬ್ಯಾಟರಿ ನಡುವಿನ ತಂತಿಗೆ ಎರಡೂ ತುದಿಯಲ್ಲಿ ಫ್ಯೂಸ್ ಬೇಕೇ ಬೇಕು. ಯಾಕಂದ್ರೆ ತಂತಿ ಉಜ್ಜಿ ಬಾಡಿಗೆ ತಾಗಿದರೆ ಎರಡು ಕಡೆಯಿಂದಲೂ ಬೆಂಕಿ. ಬ್ಯಾಟರಿ 15-20 ಕೆಜಿ ತೂಗುತ್ತೆ, ಗುಂಡಿ ರಸ್ತೆಯಲ್ಲಿ ಹಾರದ ಹಾಗೆ ಕಬ್ಬಿಣದ ಟ್ರೇ, ಕ್ಲಾಂಪ್ ಹಾಕಿಸಿ. ಸೈಲೆನ್ಸರ್ ಪೈಪಿನ ಬಿಸಿಯಿಂದ ದೂರ ಇಡಿಸಿ. ಹೊಸ ಗಾಡಿಯಾದರೆ ವಾರಂಟಿ, ಇನ್ಶೂರೆನ್ಸ್ ಏನಾಗುತ್ತೆ ಅಂತ ಮೊದಲೇ ಕೇಳಿ. ನನಗೆ ಬ್ಯಾಟರಿ, ರಿಲೇ, ಕೇಬಲ್, ಕೂಲಿ ಎಲ್ಲ ಸೇರಿ 16 ಸಾವಿರ ಆಯಿತು.

ಇನ್ನೊಂದು ಮಾತು. ಎರಡು ಬ್ಯಾಟರಿ ಇದೆ ಅಂತ ಎಂಜಿನ್ ಆಫ್ ಮಾಡಿ ವಿಂಚ್ ಎಳೆಯೋದು ಜಾಣತನವಲ್ಲ. 200 ಆಂಪ್‌ನಲ್ಲಿ ಹತ್ತು ನಿಮಿಷ ಎಳೆದದ್ದನ್ನು ತುಂಬಿಸೋಕೆ ಹಳೇ ಆಲ್ಟರ್ನೇಟರ್‌ಗೆ ಒಂದು ಗಂಟೆಗೂ ಹೆಚ್ಚು ಬೇಕು. ತೋಟದಿಂದ ಪೇಟೆಗೆ ಹೋಗಿಬರೋ ಅರ್ಧ ಗಂಟೆಯಲ್ಲಿ ಆಗೋ ಕೆಲಸವಲ್ಲ. ಹಾಗಾಗಿ ತಿಂಗಳಿಗೊಮ್ಮೆ ಮನೆಯಲ್ಲೇ ಚಾರ್ಜರ್ ಹಾಕ್ತೀನಿ. ಡಬ್ಬಿ ಇದ್ದರೆ ಸಾಲದು, ತುಂಬಿರಬೇಕು.

ಹೋದ ಮಳೆಗಾಲದಲ್ಲಿ ಮತ್ತೆ ಮರ ಬಿತ್ತು, ಹಗಲು ಹೊತ್ತು. ಎಂಜಿನ್ ಓಡುತ್ತಿದ್ದ ಹಾಗೆಯೇ ಎಳೆದು ಪಕ್ಕಕ್ಕೆ ಹಾಕಿದೆ. ಆಮೇಲೆ ಬೇಕಂತಲೇ ಎಂಜಿನ್ ಆಫ್ ಮಾಡಿ ಕೀ ತಿರುಗಿಸಿದೆ. ಒಂದೇ ಸಲಕ್ಕೆ ಗುಡುಗಿತು. ಯಾರೂ ನೋಡುತ್ತಿರಲಿಲ್ಲ, ಆದರೂ ಕಣ್ಣು ಒದ್ದೆಯಾಯಿತು.

ಅಪ್ಪ ಆ ರಾತ್ರಿಯ ಬಗ್ಗೆ ಇವತ್ತಿಗೂ ಒಂದು ಮಾತು ಆಡಿಲ್ಲ, ಬೈದೂ ಇಲ್ಲ. ಆದರೆ ಜೀಪು ಹತ್ತೋಕೆ ಮುಂಚೆ ಬಾನೆಟ್ ಕಡೆ ಒಮ್ಮೆ ನೋಡಿ ಕೇಳ್ತಾರೆ: "ಎರಡೂ ತುಂಬಿದೆಯೇನೋ?"